ಮೈಕ್ರೋಸ್ಪೈಕ್: ಬೆಟ್ಟದಲ್ಲಿ ಉಳಿದ ಹಿಮದ ಮೇಲೆ ಮೂರು ವಸಂತ

ಮೊದಲೇ ಹೇಳಿಬಿಡುತ್ತೇನೆ. ವಸಂತಕಾಲದಲ್ಲಿ ಎತ್ತರದ ಬೆಟ್ಟ ಹತ್ತುವವರ ಚೀಲದಲ್ಲಿ ಇರಲೇಬೇಕಾದ ವಸ್ತು ಅಂದರೆ ನನ್ನ ಮಟ್ಟಿಗೆ ಮೈಕ್ರೋಸ್ಪೈಕ್, ಐಸ್ ಮೇಲೆ ಜಾರದ ಹಾಗೆ ಬೂಟಿನ ಅಡಿಗೆ ಎಳೆದು ಹಾಕಿಕೊಳ್ಳುವ ಉಕ್ಕಿನ ಮುಳ್ಳುಗಳು. ಮೂರು ವಸಂತ ಬಳಸಿದ್ದೇನೆ. ಎರಡು ಜೊತೆ ಕೊಂಡಿದ್ದೇನೆ. ಒಂದು ಕೈಕೊಟ್ಟಿತು, ಇನ್ನೊಂದು ಈಗಲೂ ಜೊತೆಗಿದೆ. ಆದರೆ ಇದನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಅಂತ ತಿಳಿಯದೆ ಹಾಕಿಕೊಂಡರೆ ಇದೇ ನಿಮ್ಮನ್ನು ಅಪಾಯದ ಜಾಗಕ್ಕೆ ಕರೆದುಕೊಂಡು ಹೋಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ವಸಂತದಲ್ಲಿ ನಾನು, ಅಕ್ಕ ಇಬ್ಬರೂ ಬರೀ ಬೂಟಿನಲ್ಲಿ ಹೊರಟಿದ್ದೆವು. ತಪ್ಪಲಿನಲ್ಲಿ ಹಿಮದ ಸುಳಿವೇ ಇರಲಿಲ್ಲ. ಹುಲ್ಲು ಚಿಗುರಿತ್ತು, ದಾರಿ ಬದಿಯಲ್ಲಿ ಸಣ್ಣ ಹೂವು ಬಿಟ್ಟಿದ್ದವು, ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದೆವು. ಎರಡು ಗಂಟೆ ಹತ್ತಿದ ಮೇಲೆ ದಾರಿ ಬೆಟ್ಟದ ನೆರಳಿನ ಮಗ್ಗುಲಿಗೆ ತಿರುಗಿತು. ಅಲ್ಲಿ ಕಾಲುದಾರಿಯ ಮೇಲೆ ಇಪ್ಪತ್ತು ಹೆಜ್ಜೆ ಉದ್ದಕ್ಕೆ ಐಸ್. ಮೇಲಿಂದ ಇಳಿಯುತ್ತಿದ್ದ ನೀರು ರಾತ್ರಿ ಹೆಪ್ಪುಗಟ್ಟಿ, ದಾರಿಯ ಸಮತಟ್ಟು ಜಾಗವನ್ನೇ ನುಂಗಿ, ಬೆಟ್ಟದ ಇಳಿಜಾರಿನ ಜೊತೆ ಒಂದೇ ಸಮ ಆಗಿಬಿಟ್ಟಿತ್ತು. ಕೆಳಗಡೆ ಬಂಡೆಗಳು. ಅಕ್ಕ ಒಂದು ಕಾಲಿಟ್ಟು ನೋಡಿದಳು, ಬೂಟು ಎಣ್ಣೆ ಮೇಲೆ ಇಟ್ಟ ಹಾಗೆ ಸರಕ್ಕನೆ ಸರಿಯಿತು. "ಬೇಡ ಕಣೇ, ವಾಪಸ್ ಹೋಗೋಣ" ಅಂದಳು. ಹೋದೆವು. ಆ ಇಪ್ಪತ್ತು ಹೆಜ್ಜೆಯ ಆಚೆ ಒಣ ದಾರಿ, ಬಿಸಿಲು, ಸ್ವಲ್ಪ ದೂರದಲ್ಲೇ ತುದಿ ಎಲ್ಲ ಕಾಣುತ್ತಿತ್ತು.

ಮುಂದಿನ ಸಲ ಅಂಥದ್ದೇ ಇನ್ನೊಂದು ಐಸ್ ಪಟ್ಟಿಯನ್ನು ಮೈಕ್ರೋಸ್ಪೈಕ್ ಹಾಕಿಕೊಂಡು ದಾಟಿದೆವು. ಹಾಕಿಕೊಳ್ಳೋಕೆ ಎರಡು ನಿಮಿಷ, ದಾಟೋಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಕರಕ್ ಕರಕ್ ಅಂತ ಪ್ರತಿ ಹೆಜ್ಜೆಗೂ ಮೊಳೆ ಕಚ್ಚಿಕೊಳ್ಳುವ ಸದ್ದು. ಆ ಸದ್ದು ಕೇಳಿದ ಮೇಲೆ ಮೈ ಸಡಿಲವಾಗುತ್ತದೆ, ಭುಜ ಇಳಿಯುತ್ತದೆ, ಉಸಿರು ಸರಿಯಾಗುತ್ತದೆ. ಹೆದರಿ ಬಿಗಿಹಿಡಿದು ನಡೆಯುವವರೇ ಜಾಸ್ತಿ ಬೀಳುವುದು, ಅಲ್ವಾ?

ನೋಡಿಲ್ಲದವರಿಗೆ ವಸ್ತು ಏನು ಅಂತ ಹೇಳುತ್ತೇನೆ. ಬೂಟಿನ ಸುತ್ತ ಎಳೆದು ಕೂರಿಸುವ ದಪ್ಪ ರಬ್ಬರ್ ಪಟ್ಟಿ. ಅದರಿಂದ ಅಡಿಗಡೆ ಇಳಿಬಿದ್ದ ಸ್ಟೀಲ್ ಚೈನು. ಚೈನಿನ ನಡುವೆ ಸಣ್ಣ ತಗಡುಗಳು, ಆ ತಗಡುಗಳಿಂದ ಕೆಳಕ್ಕೆ ಚಾಚಿದ ಮುಳ್ಳುಗಳು. ನನ್ನದರಲ್ಲಿ ಒಂದೊಂದು ಕಾಲಿಗೆ 12 ಮುಳ್ಳು, ಒಂದೊಂದು ಸುಮಾರು 10 ಮಿಲಿಮೀಟರ್ ಉದ್ದ. ಎರಡೂ ಸೇರಿ 400 ಗ್ರಾಂ ಒಳಗೆ. ಮಡಚಿದರೆ ಒಂದು ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಇಷ್ಟೇ. ಇದರಲ್ಲಿ ಬಕಲ್ ಇಲ್ಲ, ಸ್ಕ್ರೂ ಇಲ್ಲ, ಬೂಟು ಇಂಥದ್ದೇ ಇರಬೇಕು ಅಂತಲೂ ಇಲ್ಲ.

ಇದನ್ನು ಕ್ರ್ಯಾಂಪಾನ್ ಜೊತೆ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಕ್ರ್ಯಾಂಪಾನ್ ಬೇರೆಯದೇ ವಸ್ತು. ಅದರಲ್ಲಿ ಬೂಟಿಗೆ ಬಿಗಿಯಾಗಿ ಕೂರುವ ಲೋಹದ ಚೌಕಟ್ಟು ಇರುತ್ತದೆ, ಮುಳ್ಳುಗಳು ಎರಡು ಮೂರು ಪಟ್ಟು ಉದ್ದ, ಹೆಚ್ಚಿನವಕ್ಕೆ ಮುಂದಕ್ಕೆ ಚಾಚಿದ ಎರಡು ಮುಳ್ಳು ಬೇರೆ. 20ನೇ ಶತಮಾನದ ಶುರುವಿನಲ್ಲಿ ಆಸ್ಕರ್ ಎಕೆನ್‌ಸ್ಟೈನ್ ಎಂಬ ಎಂಜಿನಿಯರ್ 10 ಮುಳ್ಳಿನ ಕ್ರ್ಯಾಂಪಾನ್ ರೂಪಿಸಿದರು, 1929ರಲ್ಲಿ ಲಾರೆಂಟ್ ಗ್ರಿವೆಲ್ ಅದಕ್ಕೆ ಮುಂದಿನ ಮುಳ್ಳು ಸೇರಿಸಿದರು. ಕಡಿದಾದ ಐಸ್ ಗೋಡೆ ಹತ್ತುವವರಿಗೆ ಹುಟ್ಟಿದ ಸಾಧನ ಅದು. ಮೈಕ್ರೋಸ್ಪೈಕ್ ನಡೆಯುವವರಿಗೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಳ್ಳೆ ರಬ್ಬರ್ ಅಡಿ ಇರುವ ಬೂಟು ಸಾಲದಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಕಾಲದಲ್ಲಿ ಬೆಟ್ಟ ಹತ್ತುವವರ ಬೂಟಿನ ಅಡಿಗೆ ಕಬ್ಬಿಣದ ಮೊಳೆಗಳನ್ನು ಹೊಡೆದಿರುತ್ತಿದ್ದರು. 1935ರಲ್ಲಿ ಇಟಲಿಯ ವಿಟಾಲೆ ಬ್ರಮಾನಿ ಎಂಬುವರ ಆರು ಜನ ಜೊತೆಗಾರರು ಆಲ್ಪ್ಸ್‌ನಲ್ಲಿ ಸತ್ತರು, ಸರಿಯಾದ ಪಾದರಕ್ಷೆ ಇಲ್ಲದ್ದೂ ಅದಕ್ಕೆ ಒಂದು ಕಾರಣ. ಅದರ ನೋವಿನಲ್ಲೇ ಅವರು ಆಳವಾದ ಹಲ್ಲುಗಳಿರುವ ರಬ್ಬರ್ ಅಡಿ ತಯಾರಿಸಿ 1937ರಲ್ಲಿ ಹೊರತಂದರು. ಇವತ್ತು ನಮ್ಮ ಕಾಲಲ್ಲಿರುವ ಟ್ರೆಕ್ಕಿಂಗ್ ಬೂಟುಗಳೆಲ್ಲ ಆ ದಾರಿಯವೇ. ಬಂಡೆ, ಮಣ್ಣು, ಮೆತ್ತನೆ ಹಿಮ ಎಲ್ಲದರ ಮೇಲೂ ಆ ಅಡಿ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿ ಐಸ್ ಮೇಲೆ ಮಾತ್ರ ರಬ್ಬರಿಗೆ ಹಿಡಿದುಕೊಳ್ಳೋಕೆ ಏನೂ ಸಿಗುವುದಿಲ್ಲ, ಅದರಲ್ಲೂ ಬಿಸಿಲು ತಾಗಿ ಐಸ್ ಮೇಲೆ ತೆಳ್ಳಗೆ ನೀರು ಮೂಡಿದಾಗ. ಅಲ್ಲಿ ಮತ್ತೆ ಮೊಳೆಯೇ ಬೇಕು. ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಮೊಳೆ.

ಚಳಿಗಾಲಕ್ಕಿಂತ ವಸಂತದಲ್ಲೇ ಇದು ಜಾಸ್ತಿ ಉಪಯೋಗಕ್ಕೆ ಬಂತು. ಕೇಳೋಕೆ ವಿಚಿತ್ರ ಅನ್ನಿಸಬಹುದು. ಚಳಿಗಾಲದ ಹೊಸ ಹಿಮದಲ್ಲಿ ಹೆಚ್ಚು ಪಾಲು ಗಾಳಿಯೇ ಇರುತ್ತದೆ, ಕಾಲು ಹೂತುಕೊಳ್ಳುತ್ತದೆ, ಜಾರುವುದು ಕಡಿಮೆ. ವಸಂತದಲ್ಲಿ ಹಾಗಲ್ಲ. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಮತ್ತೆ ಹೆಪ್ಪುಗಟ್ಟಿ ಹಿಮ ಕಲ್ಲಿನ ಹಾಗೆ ಆಗಿರುತ್ತದೆ. ಇನ್ನೊಂದು ವಿಷಯ. ಚಳಿಗಾಲ ಪೂರ್ತಿ ಜನ ನಡೆದು ನಡೆದು ಕಾಲುದಾರಿಯ ಮೇಲಿನ ಹಿಮ ಒತ್ತಿಹೋಗಿರುತ್ತದೆ. ಅಕ್ಕಪಕ್ಕದ ಸಡಿಲ ಹಿಮ ಮೊದಲು ಕರಗಿಹೋಗುತ್ತದೆ, ಈ ಒತ್ತಿದ ಹಿಮ ಮಾತ್ರ ಹಾಗೇ ಉಳಿಯುತ್ತದೆ. ಐಸ್ ಕರಗೋಕೆ ಎಷ್ಟು ಶಾಖ ಬೇಕು ಗೊತ್ತಾ? ಸೊನ್ನೆ ಡಿಗ್ರಿಯ ಒಂದು ಕಿಲೋ ಐಸನ್ನು ಬರೀ ನೀರು ಮಾಡೋಕೆ ಬೇಕಾಗುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಹಾಗಾಗಿ ಸುತ್ತ ಹಸಿರು ಚಿಗುರಿದ್ದರೂ ನೀವು ನಡೆಯಬೇಕಾದ ಆ ಒಂದಡಿ ಅಗಲದ ದಾರಿಯಲ್ಲಿ ಮಾತ್ರ ಐಸ್ ಗೋಡೆಯ ತಲೆಯ ಹಾಗೆ ಎದ್ದು ನಿಂತಿರುತ್ತದೆ. ಎರಡೂ ಕಡೆ ಮಣ್ಣು, ಕೆಸರು, ಬೇರು. ನಡುವೆ ದುಂಡಗೆ ಬೆನ್ನು ಉಬ್ಬಿದ ಐಸ್. ಅದರ ಮೇಲೆ ಬರೀ ಬೂಟಿನಲ್ಲಿ ನಡೆಯೋಕೆ ಹೋಗಿ ಪಕ್ಕಕ್ಕೆ ಜಾರಿ ಕಣಕಾಲು ತಿರುಚಿಕೊಂಡವರನ್ನು ನೋಡಿದ್ದೇನೆ. ಪಕ್ಕದ ಮಣ್ಣಿಗೆ ಇಳಿದು ನಡೆದರೆ ಆಗ ತಾನೇ ಚಿಗುರುತ್ತಿರುವ ಗಿಡಗಳನ್ನು ತುಳಿದು ಹಾಳು ಮಾಡಿದ ಹಾಗೆ. ಮೈಕ್ರೋಸ್ಪೈಕ್ ಇದ್ದರೆ ಐಸಿನ ಬೆನ್ನ ಮೇಲೇ ನಡುಮಧ್ಯ ನಡೆಯಬಹುದು. ನನಗೆ ಇದು ಬಹಳ ಮುಖ್ಯವಾದ ಮಾತು, ದಾರಿ ಅಗಲ ಆಗುತ್ತಾ ಹೋದರೆ ಬೆಟ್ಟದ ಮೈ ಕೊಚ್ಚಿಹೋಗುತ್ತದೆ.

ಈಗ ಹಾಕಿಕೊಳ್ಳುವ ವಿಷಯ. ಮುಂಗಾಲನ್ನು ಮೊದಲು ತೂರಿಸಿ, ಹಿಮ್ಮಡಿ ಹಿಂದಿರುವ ರಬ್ಬರ್ ಕಿವಿಯನ್ನು ಹಿಡಿದು ಮೇಲಕ್ಕೆ ಎಳೆದರೆ ಆಯಿತು. ಓದೋಕೆ ಸುಲಭ. ಚಳಿಯಲ್ಲಿ ಬೆರಳು ಮರಗಟ್ಟಿದಾಗ, ಬೆನ್ನ ಮೇಲೆ ಚೀಲ ಇಟ್ಟುಕೊಂಡು, ಇಳಿಜಾರಿನಲ್ಲಿ ಒಂಟಿ ಕಾಲಲ್ಲಿ ನಿಂತು ಎಳೆಯೋದು ಸುಲಭ ಅಲ್ಲ. ಮನೆಯಲ್ಲಿ ಕೈಗವಸು ಹಾಕಿಕೊಂಡು ನಾಲ್ಕೈದು ಸಲ ಅಭ್ಯಾಸ ಮಾಡಿ. ಬೆಟ್ಟದಲ್ಲಿ ಐಸ್ ಶುರುವಾಗುವ ಮೊದಲೇ, ಸಮತಟ್ಟು ಜಾಗ ನೋಡಿ, ಕಲ್ಲಿನ ಮೇಲೆ ಕೂತು ಹಾಕಿಕೊಳ್ಳಿ. ಇನ್ನು ಎರಡು ಹೆಜ್ಜೆ ನೋಡೋಣ, ಇನ್ನು ನಾಲ್ಕು ಹೆಜ್ಜೆ ನೋಡೋಣ ಅಂತ ಹೋಗಿ ಐಸಿನ ನಡುಮಧ್ಯ ನಿಂತು ಚೀಲ ಬಿಚ್ಚುವ ಪರಿಸ್ಥಿತಿ ತಂದುಕೊಳ್ಳಬೇಡಿ. ಒಂದು ಸಲ ನಮಗೆ ಹಾಗಾಯಿತು. ಅಕ್ಕ ನನ್ನ ಚೀಲದ ಪಟ್ಟಿ ಹಿಡಿದುಕೊಂಡು ನಿಂತಳು, ನಾನು ಬಗ್ಗಿ ಒಂದು ಕಾಲಿಗೆ ಹಾಕಿಕೊಂಡೆ, ಇನ್ನೊಂದು ಕೈಯಿಂದ ಜಾರಿ ಐಸ್ ಮೇಲೆ ಹೊರಟಿತು. ಒಂದು ಮಾರು ದೂರದಲ್ಲಿ ಪೊದೆಗೆ ಸಿಕ್ಕಿಕೊಂಡಿದ್ದಕ್ಕೆ ಸಿಕ್ಕಿತು. ಎದೆ ಧಸಕ್ಕೆಂದಿತ್ತು.

ಅಳತೆ ಸರಿ ನೋಡಿ ತಗೊಳ್ಳಿ. ದಿನಾ ಹಾಕುವ ಚಪ್ಪಲಿ, ಶೂ ಅಳತೆ ಹೇಳಿದರೆ ತಪ್ಪುತ್ತದೆ. ಬೆಟ್ಟಕ್ಕೆ ಹಾಕುವ ಬೂಟನ್ನೇ ಅಂಗಡಿಗೆ ತಗೊಂಡು ಹೋಗಿ ಹಾಕಿ ನೋಡಬೇಕು. ಹಾಕಿದ ಮೇಲೆ ಬೂಟು ತಿರುಗಿಸಿ ಅಡಿಯನ್ನು ನೋಡಿ. ಚೈನು ಬಿಗಿಯಾಗಿ ಅಂಟಿಕೊಂಡಿರಬೇಕು, ಮುಂದಿನ ಮುಳ್ಳುಗಳು ಮುಂಗಾಲಿನ ಉಬ್ಬಿನ ಕೆಳಗೆ ಬರಬೇಕು, ಹಿಂದಿನವು ಹಿಮ್ಮಡಿಯ ನಡುವೆ. ಬೆರಳು ಹಾಕಿ ಎಳೆದಾಗ ಚೈನು ಜೋತುಬಿದ್ದರೆ ಅದು ದೊಡ್ಡದಾಯಿತು ಅಂತಲೇ ಅರ್ಥ, ಅಡ್ಡ ಇಳಿಜಾರಿನಲ್ಲಿ ನಡೆದಾಗ ಇಡೀ ಸರಂಜಾಮು ಪಕ್ಕಕ್ಕೆ ಸರಿದು ಮುಳ್ಳು ಬೂಟಿನ ಬದಿಗೆ ಬಂದುಬಿಡುತ್ತದೆ. ತೀರಾ ಬಿಗಿಯಾದರೂ ಕಷ್ಟ. ಮುಂಗಾಲು ಮೆತ್ತಗಿರುವ ಬೂಟಾದರೆ ರಬ್ಬರ್ ಬೆರಳನ್ನು ಒತ್ತಿ ರಕ್ತ ಓಡದೆ ಪಾದ ತಣ್ಣಗಾಗುತ್ತದೆ. ಮುಂಭಾಗಕ್ಕೆ ತಂತಿ ಇರುವ ಮಾದರಿ ತಗೊಂಡರೆ ಈ ಎರಡು ತೊಂದರೆಯೂ ಕಡಿಮೆ. ನನ್ನ ಎರಡನೇ ಜೊತೆಗೆ ತಂತಿ ಇದೆ, ಇಳಿಯುವಾಗ ಬೂಟು ಮುಂದಕ್ಕೆ ನುಗ್ಗುವುದಿಲ್ಲ.

ನಡಿಗೆಯೂ ಸ್ವಲ್ಪ ಬದಲಾಗಬೇಕು. ಪಾದ ಪೂರ್ತಿ ಚಪ್ಪಟೆಯಾಗಿ ಊರಿ ಇಡಬೇಕು, ಆಗ ಹನ್ನೆರಡೂ ಮುಳ್ಳು ಕಚ್ಚುತ್ತವೆ. ಬರೀ ಬೂಟಿನಲ್ಲಿ ಹತ್ತುವಾಗ ತುದಿಗಾಲು ಒತ್ತಿ, ಅಡ್ಡ ಹೋಗುವಾಗ ಬೂಟಿನ ಅಂಚು ಒತ್ತಿ ಅಭ್ಯಾಸವಾಗಿರುತ್ತದೆ. ಇಲ್ಲಿ ಅದನ್ನು ಮರೆಯಬೇಕು. ಕಾಲುಗಳ ನಡುವೆ ಸ್ವಲ್ಪ ಜಾಸ್ತಿ ಅಂತರ ಇಟ್ಟು ನಡೆಯಿರಿ, ಇಲ್ಲದಿದ್ದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ನನ್ನ ಎಡ ಪ್ಯಾಂಟಿನ ಒಳಬದಿಯಲ್ಲಿ ಎರಡು ಹರಕು ಈಗಲೂ ಇವೆ.

ಇನ್ನು ಯಾವುದರ ಮೇಲೆ ಹೇಗೆ ನಡೆಯಿತು ಅನ್ನೋದು.

ಬೆಳಗಿನ ಗಟ್ಟಿ ಹಿಮದ ಮೇಲೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ವಸ್ತು ಇನ್ನೊಂದು ನನಗೆ ಸಿಕ್ಕಿಲ್ಲ. ರಾತ್ರಿ ಆಕಾಶ ಶುಭ್ರವಾಗಿದ್ದರೆ ಹಿಮ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ, ಗಾಳಿಯ ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟಿರುತ್ತದೆ. ಅಂಥ ಬೆಳಗ್ಗೆ ಬರೀ ಬೂಟು ಹಿಮದ ಮೇಲೆ ಗುರುತೂ ಮೂಡಿಸುವುದಿಲ್ಲ. ಮೈಕ್ರೋಸ್ಪೈಕ್ ಹಾಕಿದರೆ ಹನ್ನೆರಡು ಸಣ್ಣ ತೂತುಗಳು ಮೂಡುತ್ತವೆ, ಅಷ್ಟು ಸಾಕು. ಬೇರೆ ಹೊತ್ತಿನಲ್ಲಿ ಮಂಡಿವರೆಗೆ ಹೂತುಹೋಗುವ ಬಯಲನ್ನು ಆ ಹೊತ್ತಿನಲ್ಲಿ ರಸ್ತೆ ಮೇಲೆ ನಡೆದ ಹಾಗೆ ದಾಟಬಹುದು. ರಾತ್ರಿ ಮೋಡ ಮುಸುಕಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ, ಮೋಡ ಕಂಬಳಿ ಹೊದಿಸಿದ ಹಾಗೆ ಶಾಖ ಹಿಡಿದಿಡುತ್ತದೆ, ಬೆಳಗ್ಗೆಯೂ ಹಿಮ ಮೆತ್ತಗೇ ಇರುತ್ತದೆ. ಹೊರಡುವ ಹಿಂದಿನ ರಾತ್ರಿ ನಕ್ಷತ್ರ ಕಾಣುತ್ತಿದೆಯಾ ಅಂತ ಹೊರಗೆ ಬಂದು ನೋಡೋದು ನಮ್ಮಿಬ್ಬರಿಗೂ ಅಭ್ಯಾಸ ಆಗಿದೆ.

ಬಿಸಿಲೇರಿದ ಮೇಲೆ ಮೇಲ್ಪದರ ಕಲ್ಲುಪ್ಪಿನ ಹಾಗೆ ಹರಳು ಹರಳಾಗುತ್ತದೆ. ಒಂದೆರಡು ಇಂಚು ಸಡಿಲ, ಕೆಳಗೆ ಗಟ್ಟಿ. ಆ ಒಂದೂವರೆ ಗಂಟೆ ನಡೆಯೋಕೆ ಸೊಗಸು. ಮುಳ್ಳು ಸಡಿಲ ಹರಳನ್ನು ದಾಟಿ ಕೆಳಗಿನ ಗಟ್ಟಿ ಪದರಕ್ಕೆ ಇಳಿಯುತ್ತದೆ.

ಬಂಡೆ ಮೇಲೆ ಗಾಜಿನ ಪೊರೆಯ ಹಾಗೆ ಅಂಟಿದ ತೆಳು ಐಸ್ ಇರುತ್ತದಲ್ಲ, ಅಲ್ಲಿ ನನಗೆ ಅರ್ಧ ಸಮಾಧಾನ. ಮುಳ್ಳು ಪೊರೆಯನ್ನು ಒಡೆದು ಬಂಡೆಗೆ ತಾಗುತ್ತದೆ, ಬಂಡೆಯಲ್ಲಿ ಸಣ್ಣ ಗೀರು, ಸಂದು ಇದ್ದರೆ ಹಿಡಿಯುತ್ತದೆ, ನುಣ್ಣಗಿದ್ದರೆ ಕೀರ್ರೆಂದು ಸರಿಯುತ್ತದೆ. ಅಂಥ ಕಡೆ ಕೈ ಊರಿ, ಮೈ ತಗ್ಗಿಸಿ, ನಿಧಾನ ಮಾಡುವುದೇ ಸರಿ.

ಮಧ್ಯಾಹ್ನದ ಒದ್ದೆ ಹಿಮದಲ್ಲಿ ಈ ವಸ್ತುವಿನ ದೊಡ್ಡ ಕೊರತೆ ಕಾಣುತ್ತದೆ. ಚೈನು, ತಗಡುಗಳ ಸುತ್ತ ಹಿಮ ಮೆತ್ತಿಕೊಳ್ಳುತ್ತದೆ. ಮೊದಲ ಹತ್ತು ಹೆಜ್ಜೆಗೆ ಗೊತ್ತಾಗುವುದಿಲ್ಲ. ಆಮೇಲೆ ಬೂಟು ಭಾರ ಅನ್ನಿಸುತ್ತದೆ, ಆಮೇಲೆ ಕಾಲು ಓಲಾಡುತ್ತದೆ, ಎತ್ತಿ ನೋಡಿದರೆ ಅಡಿಯಲ್ಲಿ ದುಂಡಗೆ ಹಿಮದ ಉಂಡೆ, ಮುಳ್ಳು ಎಲ್ಲೋ ಅದರ ಒಳಗೆ. ಆ ಉಂಡೆಯ ಮೇಲೆ ನಡೆಯುವುದು ಏನೂ ಹಾಕದೆ ನಡೆಯುವುದಕ್ಕಿಂತ ಅಪಾಯ. ಕೋಲಿನಿಂದ ಬೂಟಿನ ಬದಿಗೆ ಟಕ್ ಟಕ್ ಅಂತ ಎರಡು ಏಟು ಕೊಟ್ಟರೆ ಉದುರುತ್ತದೆ, ಐದು ಹೆಜ್ಜೆಗೆ ಮತ್ತೆ ಮೆತ್ತಿಕೊಳ್ಳುತ್ತದೆ. ದೊಡ್ಡ ಕ್ರ್ಯಾಂಪಾನ್‌ಗಳಿಗೆ ಹಿಮ ಮೆತ್ತದಿರಲಿ ಅಂತ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಕೊಡುತ್ತಾರೆ, ನನ್ನ ಮೈಕ್ರೋಸ್ಪೈಕ್‌ನಲ್ಲಿ ಅದಿಲ್ಲ. ತಯಾರಿಸುವವರು ಇದೊಂದನ್ನು ಸರಿಮಾಡಲಿ ಅಂತ ನನಗೆ ತುಂಬಾ ಆಸೆ. ಈಗ ನಾನು ಮಾಡುವುದು ಇಷ್ಟೇ. ಉಂಡೆ ಕಟ್ಟೋಕೆ ಶುರುವಾದರೆ, ಮುಂದೆ ಕಾಣುವಷ್ಟು ದೂರ ಐಸ್ ಇಲ್ಲದಿದ್ದರೆ, ನಿಂತು ಬಿಚ್ಚಿಬಿಡುತ್ತೇನೆ. ಹಿಮ ಅಷ್ಟು ಮೆತ್ತಗಾಗಿದ್ದರೆ ಬೂಟಿನ ಹಿಮ್ಮಡಿಯೇ ಚೆನ್ನಾಗಿ ಊರುತ್ತದೆ.

ಹಿಮ ಅಷ್ಟು ಒದ್ದೆಯಾಗಿದೆ ಅಂದರೆ ನೀವು ತಡ ಮಾಡಿದ್ದೀರಿ ಅಂತಲೂ ಹೌದು. ನೀರು ಕುಡಿದ ಹಿಮ ಇಳಿಜಾರಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಆಗುವುದು, ನೀವು ನಡೆಯುವ ದಾರಿ ಸಮತಟ್ಟಾಗಿದ್ದರೂ ಮೇಲಿನ ಮಗ್ಗುಲು ಅಷ್ಟು ಕಡಿದಾಗಿದ್ದರೆ ಅಪಾಯ ನಿಮಗೂ ಸೇರಿದ್ದೇ. ಮೇಲಿಂದ ತಾನಾಗಿ ಸಣ್ಣ ಉಂಡೆಗಳು ಉರುಳಿಕೊಂಡು ಬರೋಕೆ ಶುರುವಾದರೆ ಅಲ್ಲಿಂದ ಹೊರಟುಬಿಡಬೇಕು. ಹೊರಡುವ ಮೊದಲು ಆ ಜಾಗದ ಹಿಮಕುಸಿತದ ಎಚ್ಚರಿಕೆ ಓದಿ. ಮೈಕ್ರೋಸ್ಪೈಕ್ ಇದಕ್ಕೆಲ್ಲ ಏನೂ ಮಾಡಲಾರದು.

ಮೊದಲ ಜೊತೆ ಕೈಕೊಟ್ಟ ಕಥೆಗೆ ಬರುತ್ತೇನೆ. ಕಂಪನಿ ಹೆಸರು ಬೇಡ. ನೋಡೋಕೆ ಈಗಿನದರ ಹಾಗೇ ಇತ್ತು, ಮುಳ್ಳೂ ಅಷ್ಟೇ ಉದ್ದ. ಎರಡನೇ ವಸಂತದಲ್ಲಿ, ಇಳಿಯುವಾಗ, ಬಲಗಾಲು ಇಟ್ಟ ಕೂಡಲೇ ಏನೋ ಸಡಿಲವಾದ ಹಾಗಾಯಿತು, ಚೈನು ಝಣ್ ಅಂತ ಪಕ್ಕಕ್ಕೆ ಹೊಡೆಯಿತು. ನಾನು ಕೂತಲ್ಲಿಗೇ ಕುಸಿದೆ, ಕೋಲು ಊರಿದ್ದರಿಂದ ಎರಡು ಅಡಿ ಮಾತ್ರ ಜಾರಿದೆ. ನೋಡಿದರೆ ಚೈನು ಗಟ್ಟಿಯಾಗೇ ಇದೆ, ಮುಳ್ಳೂ ಸರಿ ಇದೆ. ಹರಿದಿದ್ದು ರಬ್ಬರಿನ ಕಣ್ಣು. ಚೈನಿನ ಕೊಂಡಿ ರಬ್ಬರಿನ ತೂತಿಗೆ ನೇರವಾಗಿ ಸಿಕ್ಕಿಸಿದ್ದರು. ತೂತಿನ ಅಂಚಿಗೆ ಲೋಹದ ಬಳೆ ಇರಲಿಲ್ಲ. ಪ್ರತಿ ಹೆಜ್ಜೆಗೂ ಕೊಂಡಿ ಉಜ್ಜಿ ಉಜ್ಜಿ ರಬ್ಬರ್ ಒಳಗಿಂದ ಸೀಳಿತ್ತು, ಹೊರಗಿಂದ ಒಂದು ಸಣ್ಣ ಗೆರೆ ಮಾತ್ರ ಕಾಣುತ್ತಿತ್ತು. ಅಕ್ಕ ತನ್ನ ಚೀಲದಿಂದ ತೆಳು ಹಗ್ಗ ತೆಗೆದು ಚೈನನ್ನು ರಬ್ಬರ್ ಪಟ್ಟಿಗೆ ಸುತ್ತಿ ಕಟ್ಟಿಕೊಟ್ಟಳು. "ನಿಧಾನ ಇಡು, ಆ ಕಾಲನ್ನು ತಿರುಗಿಸಬೇಡ" ಅಂತ ಹೇಳುತ್ತಾ ಮುಂದೆ ನಡೆದಳು. ಅವಳು ಮೂಡಿಸಿದ ಹೆಜ್ಜೆಗಳಲ್ಲೇ ಕಾಲಿಟ್ಟು ಒಂದೂವರೆ ಗಂಟೆ ಇಳಿದೆ.

ಅವತ್ತಿನಿಂದ ಕೊಳ್ಳುವಾಗ ನಾನು ಮುಳ್ಳು ನೋಡುವ ಮೊದಲು ಕಣ್ಣು ನೋಡುತ್ತೇನೆ. ಚೈನು ರಬ್ಬರಿಗೆ ಸೇರುವ ಪ್ರತಿ ಜಾಗದಲ್ಲೂ ರಬ್ಬರ್ ದಪ್ಪಗಿರಬೇಕು, ತೂತಿಗೆ ಲೋಹದ ಬಳೆ ಇದ್ದರೆ ಇನ್ನೂ ಒಳ್ಳೆಯದು. ಕೊಂಡಿಯ ಬಾಯಿ ಬೆಸುಗೆ ಹಾಕಿ ಮುಚ್ಚಿರಬೇಕು. ಬರೀ ಬಗ್ಗಿಸಿ ಬಿಟ್ಟಿದ್ದರೆ ಒಂದು ದಿನ ಬಾಯಿ ತೆರೆಯುತ್ತದೆ. ರಬ್ಬರನ್ನು ಎರಡೂ ಕೈಯಲ್ಲಿ ಎಳೆದು ನೋಡಿ, ಸಾಧ್ಯವಾದರೆ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟು ಮತ್ತೆ ಎಳೆಯಿರಿ. ಕಳಪೆ ರಬ್ಬರ್ ಚಳಿಗೆ ಬಿರುಸಾಗುತ್ತದೆ, ಹಾಕಿಕೊಳ್ಳುವಾಗಲೇ ಹರಿಯುತ್ತದೆ. ನನ್ನ ಈಗಿನ ಜೊತೆ ಈ ಪರೀಕ್ಷೆ ಪಾಸಾಗಿಯೇ ಬೆಟ್ಟಕ್ಕೆ ಬಂದದ್ದು. ಅಡಿಗೆ ಚೈನಿನ ಬದಲು ಬರೀ ಸುರುಳಿ ತಂತಿ ಇರುವ ಅಗ್ಗದ ಮಾದರಿಗಳೂ ಸಿಗುತ್ತವೆ. ಅವು ಮನೆ ಮುಂದಿನ ಹಿಮಕ್ಕೆ, ಬೆಟ್ಟಕ್ಕಲ್ಲ.

ಈಗ ಮುಖ್ಯ ವಿಷಯ. ಮೂರನೇ ವಸಂತದಲ್ಲಿ ನಾವು ತುದಿಯ ಹತ್ತಿರ ಒಂದು ಕೊರಕಲಿನ ಮುಂದೆ ನಿಂತೆವು. ಅದರ ಅಗಲ ಮೂವತ್ತು ನಲವತ್ತು ಅಡಿ ಇರಬಹುದು. ಮೇಲಿಂದ ಕೆಳಗಿನವರೆಗೆ ಹಿಮ ತುಂಬಿ ನುಣ್ಣಗೆ ಇಳಿದಿತ್ತು, ಕೆಳಗೆ ಎಲ್ಲಿ ಮುಗಿಯುತ್ತದೆ ಅಂತ ಕಾಣುತ್ತಿರಲಿಲ್ಲ. ಆಚೆ ಕಡೆ ದಾರಿ ಮುಂದುವರಿದಿತ್ತು. ಹಿಂದಿನ ದಿನ ಯಾರೋ ನಡೆದ ಹೆಜ್ಜೆಗಳೂ ಇದ್ದವು, ಹೆಪ್ಪುಗಟ್ಟಿ ಅರ್ಧ ಮುಚ್ಚಿದ್ದವು. ಫೋನಿನಲ್ಲಿ ಇಳಿಜಾರು ಅಳೆದೆ, 32 ಡಿಗ್ರಿ. ಬೆಳಗಿನಿಂದ ಮುಳ್ಳು ಎಲ್ಲೂ ಜಾರಿರಲಿಲ್ಲ. ಮೈಯಲ್ಲಿ ಧೈರ್ಯ ತುಂಬಿಕೊಂಡಿತ್ತು. ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಬೂಟಿನೊಳಗೆ ಪಾದ, ರಬ್ಬರಿನೊಳಗೆ ಬೂಟು, ಎರಡೂ ಸ್ವಲ್ಪ ಸ್ವಲ್ಪ ಇಳಿಜಾರಿನ ಕಡೆ ವಾಲಿದ್ದು ಗೊತ್ತಾಯಿತು. ಮೇಲ್ಬದಿಯ ಮುಳ್ಳು ಮಾತ್ರ ಕಚ್ಚಿತ್ತು, ಕೆಳಬದಿಯವು ಗಾಳಿಯಲ್ಲಿದ್ದವು.

ಇದು ಆ ವಸ್ತುವಿನ ತಪ್ಪಲ್ಲ. ರಬ್ಬರ್ ಅಂದರೆ ಎಳೆಯುತ್ತದೆ, ಎಳೆಯುವುದರಿಂದಲೇ ಯಾವ ಬೂಟಿಗೂ ಕೂರುತ್ತದೆ. ಅದೇ ಗುಣ ಅಡ್ಡ ಇಳಿಜಾರಿನಲ್ಲಿ ಮುಳುವಾಗುತ್ತದೆ. ಬಿಗಿ ಚೌಕಟ್ಟಿನ ಕ್ರ್ಯಾಂಪಾನ್ ಅಲ್ಲಿ ಸರಿಯುವುದಿಲ್ಲ. ಜೊತೆಗೆ ಜಾರಿದರೆ ನಿಲ್ಲಿಸಿಕೊಳ್ಳೋಕೆ ಕೈಯಲ್ಲಿ ಐಸ್ ಕೊಡಲಿ ಬೇಕು, ಅದನ್ನು ಬಳಸುವ ಅಭ್ಯಾಸವೂ ಬೇಕು. ನಡೆಯುವ ಕೋಲು ಆ ಕೆಲಸ ಮಾಡುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ. 30 ಡಿಗ್ರಿ ಇಳಿಜಾರು, ತಡೆಯುವಂಥದ್ದು ಏನೂ ಇಲ್ಲ ಅಂತ ಇಟ್ಟುಕೊಂಡರೆ, ಮೂರು ಸೆಕೆಂಡಿನೊಳಗೆ 20 ಮೀಟರ್ ಜಾರಿರುತ್ತೀರಿ, ಆಗ ವೇಗ ಗಂಟೆಗೆ 50 ಕಿಲೋಮೀಟರ್. ಬೆಳಗಿನ ಹೆಪ್ಪುಗಟ್ಟಿದ ಹಿಮ ಈ ಲೆಕ್ಕಕ್ಕೆ ಹತ್ತಿರವೇ ಇರುತ್ತದೆ, ಅದಕ್ಕೆ ನುಣ್ಣನೆ ಜಾಕೆಟ್ ಬೇರೆ ಸೇರುತ್ತದೆ.

ನಾನು ತಿರುಗಿ ಅಕ್ಕನ ಮುಖ ನೋಡಿದೆ. "ಬಾ ಈ ಕಡೆ" ಅಂದಳು, ಅಷ್ಟೇ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋದೆ, ಮುಖ ಬೆಟ್ಟದ ಕಡೆ ಮಾಡಿಕೊಂಡು, ಒಂದೊಂದೇ ಕಾಲು. ಆ ನಾಲ್ಕು ಹೆಜ್ಜೆಗೆ ಹಿಡಿದ ಹೊತ್ತು ಇವತ್ತೂ ನೆನಪಿದೆ. ತುದಿ ಬಿಟ್ಟು ಇಳಿದೆವು, ಕೆಳಗಿನ ದಿಣ್ಣೆಯ ಬಿಸಿಲಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅವಳು ಬೈಯಲಿಲ್ಲ. "ಬೆಳಗ್ಗೆ ಚೆನ್ನಾಗಿ ಹಿಡೀತಿತ್ತಲ್ಲ, ಅದಕ್ಕೇ ಹೋದೆ ನೀನು" ಅಂದಳು. ನಿಜ ಅದು. ಆ ಬೆಳಗ್ಗೆ ಇದು ಇಲ್ಲದಿದ್ದರೆ ನಾನು ಕೊರಕಲಿನ ಹತ್ತಿರವೂ ಹೋಗುತ್ತಿರಲಿಲ್ಲ.

ಈಗ ನನ್ನ ನಿಯಮ ಇಷ್ಟು. ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತೇನೆ ಅಂತ ಮೊದಲು ಕೆಳಗೆ ನೋಡುತ್ತೇನೆ. ಸಮತಟ್ಟು ಹಿಮಕ್ಕೆ ಹೋಗಿ ನಿಲ್ಲುವುದಾದರೆ ಮುಂದೆ. ಬಂಡೆಗೆ, ಮರಕ್ಕೆ, ನೀರಿಗೆ, ಪ್ರಪಾತಕ್ಕೆ ಆದರೆ ಮೈಕ್ರೋಸ್ಪೈಕ್ ಸಾಲದು. ಇಳಿಜಾರು 20, 25 ಡಿಗ್ರಿ ದಾಟಿದರೆ ಕೆಳಗೆ ಏನೇ ಇದ್ದರೂ ನಾನು ಇದನ್ನು ನಂಬುವುದಿಲ್ಲ. ನಿಮ್ಮ ಅಭ್ಯಾಸ ನೋಡಿಕೊಂಡು ನೀವು ಇನ್ನೂ ಕಡಿಮೆ ಇಟ್ಟುಕೊಳ್ಳಬಹುದು, ಜಾಸ್ತಿ ಬೇಡ.

ಹಿಮದ ಕೆಳಗೆ ಏನಿದೆ ಅನ್ನೋದನ್ನೂ ಇದು ಹೇಳುವುದಿಲ್ಲ. ಬಂಡೆ, ಪೊದೆ, ಮರದ ಬುಡದ ಸುತ್ತ ಹಿಮ ಟೊಳ್ಳಾಗಿರುತ್ತದೆ, ಕಪ್ಪಗಿರುವ ವಸ್ತು ಬಿಸಿಲು ಹೀರಿ ಸುತ್ತಲಿನ ಹಿಮವನ್ನು ಒಳಗಿಂದ ಕರಗಿಸುತ್ತದೆ. ಹಿಮದಿಂದ ಕಲ್ಲಿಗೆ ಕಾಲಿಡುವಾಗ ಕೊನೆಯ ಹೆಜ್ಜೆಯನ್ನು ದೊಡ್ಡದು ಮಾಡಿ. ತೊರೆಯ ಮೇಲೆ ಸೇತುವೆಯ ಹಾಗೆ ನಿಂತ ಹಿಮದ ಬಗ್ಗೆ ಇನ್ನೂ ಜಾಗ್ರತೆ ಬೇಕು. ನಡು ಸ್ವಲ್ಪ ತಗ್ಗಿದ್ದರೆ, ಬಣ್ಣ ಮಾಸಿದ್ದರೆ, ಕೆಳಗೆ ನೀರಿನ ಸದ್ದು ಜೋರಾಗಿ ಕೇಳಿದರೆ ಬೇರೆ ಕಡೆ ದಾಟಿ. ಮಂಡಿವರೆಗೆ ಹೂತ ಕಾಲನ್ನು ಜೋರಾಗಿ ಎಳೆಯಬೇಡಿ, ಸ್ಪೈಕ್ ಅಲ್ಲೇ ಕಳಚಿ ಉಳಿದುಬಿಡುತ್ತದೆ. ಸುತ್ತ ಅಗೆದು ನಿಧಾನವಾಗಿ ಎತ್ತಿ.

ಜೊತೆಗೆ ಬೇಕಾದವು: ತುದಿಗೆ ಅಗಲ ತಟ್ಟೆ ಇರುವ ಎರಡು ಕೋಲು, ಬೂಟಿನೊಳಗೆ ಹಿಮ ಹೋಗದ ಹಾಗೆ ಕಾಲಿಗೆ ಸುತ್ತಿಕೊಳ್ಳುವ ಗೇಟರ್, ಕಪ್ಪು ಕನ್ನಡಕ. ಕನ್ನಡಕವನ್ನು ಸುಮ್ನೆ ಶೋಕಿ ಅಂದುಕೊಳ್ಳಬೇಡಿ. ಎತ್ತರ 1000 ಮೀಟರ್ ಹೆಚ್ಚಿದಂತೆ ಅತಿನೇರಳೆ ಕಿರಣ ಸುಮಾರು ಶೇಕಡ 10ರಷ್ಟು ಜಾಸ್ತಿಯಾಗುತ್ತದೆ, ಹೊಸ ಹಿಮ ಅದರಲ್ಲಿ ಶೇಕಡ 80ರವರೆಗೆ ವಾಪಸ್ ಮುಖಕ್ಕೇ ಹೊಡೆಯುತ್ತದೆ. ಸಂಜೆ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿಯುತ್ತದೆ. ಗಾಜು ಎಷ್ಟು ಕಪ್ಪು ಅಂತ ಹೇಳುವ ದರ್ಜೆ (ಕ್ಯಾಟಗರಿ) ಕನ್ನಡಕಕ್ಕೆ ಇರುತ್ತದೆ, ಅದು ಕನಿಷ್ಠ ಮೂರಾದರೂ ಇರಲಿ. ಪೂರ್ತಿ ದಿನ ಹಿಮದ ಮೇಲೇ ಇರುವುದಾದರೆ ನಾಲ್ಕನೇ ದರ್ಜೆ ಒಳ್ಳೆಯದು, ಅದನ್ನು ಹಾಕಿಕೊಂಡು ಗಾಡಿ ಮಾತ್ರ ಓಡಿಸಬಾರದು. ಗಲ್ಲದ ಕೆಳಗೆ, ಮೂಗಿನ ಕೆಳಗೆ ಸನ್‌ಸ್ಕ್ರೀನ್ ಹಚ್ಚಿ, ಬೆಳಕು ಕೆಳಗಿಂದಲೂ ಬರುತ್ತದೆ.

ಮನೆಗೆ ಬಂದ ಮೇಲೆ ಐದು ನಿಮಿಷದ ಕೆಲಸ ಇದೆ. ಒದ್ದೆ ಸ್ಪೈಕನ್ನು ಚೀಲದೊಳಗೆ ಮರೆತರೆ ಒಂದು ವಾರಕ್ಕೆ ತುಕ್ಕಿನ ಚುಕ್ಕೆ ಬರುತ್ತದೆ, ಸ್ಟೇನ್‌ಲೆಸ್ ಅಂತ ಬರೆದಿದ್ದರೂ. ಮಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ನೇತುಹಾಕಿ. ಬಿಸಿಲಿಗೆ, ಹೀಟರ್ ಹತ್ತಿರ ಇಟ್ಟರೆ ರಬ್ಬರ್ ಬೇಗ ಹಾಳಾಗುತ್ತದೆ. ಮುಳ್ಳನ್ನು ಮೊಂಡು ಮಾಡುವುದು ಐಸ್ ಅಲ್ಲ, ಕಲ್ಲು. ಐಸ್ ಮುಗಿದ ಮೇಲೂ ಬಿಚ್ಚೋಕೆ ಬೇಸರ ಪಟ್ಟು ಕಲ್ಲಿನ ಮೇಲೆ ಒಂದು ಗಂಟೆ ನಡೆದರೆ ಒಂದು ಸೀಸನ್ನಿನ ಸವೆತ ಒಂದೇ ದಿನ ಆಗುತ್ತದೆ. ಮೊಂಡಾದರೆ ಕೈ ಅರದಲ್ಲಿ ಉಜ್ಜಿ. ತಿರುಗುವ ಯಂತ್ರಕ್ಕೆ ಕೊಟ್ಟರೆ ಬಿಸಿಗೆ ಉಕ್ಕಿನ ಗಟ್ಟಿತನ ಹೋಗುತ್ತದೆ.

ಯಾರು ತಗೊಳ್ಳಬೇಕು ಅಂದರೆ, ವಸಂತದಲ್ಲಿ ಕಾಲುದಾರಿಯಲ್ಲೇ ನಡೆಯುವ, ಅಲ್ಲಲ್ಲಿ ಐಸ್, ಹಿಮ ಸಿಗುವ ಬೆಟ್ಟಗಳಿಗೆ ಹೋಗುವ ಎಲ್ಲರೂ. ಬಿಸಿಲಿನ ಮಗ್ಗುಲಲ್ಲಿ ಹಿಮ ಇಲ್ಲ ಅಂತ ಮನೆಯಲ್ಲಿ ಬಿಟ್ಟುಹೋಗಬೇಡಿ, ನೆರಳಿನ ಮಗ್ಗುಲಲ್ಲಿ ವಾರಗಟ್ಟಲೆ ಉಳಿದಿರುತ್ತದೆ. ಕಡಿದಾದ ಹಿಮದ ಕೊರಕಲು ಹತ್ತುವ, ಹಿಮನದಿ ದಾಟುವ ಆಸೆ ಇದ್ದವರು ಇದಕ್ಕೆ ದುಡ್ಡು ಹಾಕಬೇಡಿ. ಕ್ರ್ಯಾಂಪಾನ್, ಐಸ್ ಕೊಡಲಿ ತಗೊಂಡು, ಗೊತ್ತಿರುವವರಿಂದ ಕಲಿತು ಹೋಗಿ. ಐದರಲ್ಲಿ ಅಂಕ ಕೊಡಿ ಅಂದರೆ ನನ್ನ ಈಗಿನ ಜೊತೆಗೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಒದ್ದೆ ಹಿಮದ ಉಂಡೆಗೆ.

ಎಡಗಾಲಿನ ಹಿಮ್ಮಡಿಯ ಎರಡು ಮುಳ್ಳು ಈಗ ಅರ್ಧ ಸವೆದಿವೆ. ನಾನು ಇಳಿಯುವಾಗ ಆ ಕಾಲನ್ನೇ ಮೊದಲು ಊರುತ್ತೇನೆ ಅಂತ ಅದನ್ನು ನೋಡಿದ ಮೇಲೇ ಗೊತ್ತಾಯಿತು. ಅರ ತಂದಿಟ್ಟಿದ್ದೇನೆ. ರಬ್ಬರಿನ ಕಣ್ಣುಗಳನ್ನು ನಿನ್ನೆ ರಾತ್ರಿ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ, ಎಲ್ಲೂ ಗೆರೆ ಇಲ್ಲ.